ರಫೀಕ್ ಭಾಯಿ ಆನ್‌ಲೈನ್ ಅದಾರ

ನನಗೆ ನಮ್ಮ ಕಂಪನಿಯ ವೆಬ್‌ಸೈಟ್ ಕಂಡರೆ ಅಂಜಿಕೆ. ಇದನ್ನು ಇಷ್ಟು ದಿನ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಮುಂದೆ ಬಿಡುತ್ತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಫೀಸಿನ ಕಂಪ್ಯೂಟರಿನಲ್ಲಿ ಆ ಪುಟ ತೆರೆಯುವ ಪ್ರಸಂಗ ಬಂದರೆ ನಾನು ಮೊದಲು ಬಾಗಿಲು ಪೂರ್ತಿ ತೆಗೆದಿಡುತ್ತೇನೆ, ಹೊರಗೆ ಯಾರಾದರೂ ಇದ್ದಾರೋ ಇಲ್ಲವೋ ಅಂತ ಒಮ್ಮೆ ಕೆಮ್ಮಿ ನೋಡುತ್ತೇನೆ, ಆಮೇಲೆ ಮೌಸಿಗೆ ಕೈ ಹಚ್ಚುತ್ತೇನೆ.

ಹಾಗಂತ ನಾನು ಪುಕ್ಕಲ ಅಲ್ಲ. ಬೀದರಿನಲ್ಲಿ ಹುಟ್ಟಿ ಬೆಳೆದವನು ಸತ್ತವರ ಅಂಜಿಕೆ ಇಟ್ಟುಕೊಂಡರೆ ಮನೆಯಿಂದ ಹೊರಗೆ ಕಾಲಿಡುವ ಹಾಗೇ ಇಲ್ಲ. ಈ ಊರಿನಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದು ಗುಮ್ಮಟ ಎದುರಾಗುತ್ತದೆ. ನಾವು ಸಾಲಿ ತಪ್ಪಿಸಿ ಕ್ರಿಕೆಟ್ ಆಡಿದ್ದು ಗೋರಿಗಳ ನಡುವೆ. ಅಷ್ಟೂರಿನಲ್ಲಿ ಬಾದಶಹರ ಗುಮ್ಮಟದ ನೆರಳಿಗೆ ಕೂತು ಎಷ್ಟು ಸಲ ಬುತ್ತಿ ಬಿಚ್ಚಿದ್ದೇವೋ ಲೆಕ್ಕವಿಲ್ಲ. ಯಾವ ಬಾದಶಹನೂ ಎದ್ದು ಬಂದು ನನಗೊಂದಿಷ್ಟು ಶೇಂಗಾ ಹಿಂಡಿ ಕೊಡು ಅನ್ನಲಿಲ್ಲ. ಗೋರಿಯಲ್ಲಿರುವವರದು ಒಂದು ಒಳ್ಳೆಯ ಗುಣವಿದೆ, ಇದ್ದಲ್ಲೇ ಇರುತ್ತಾರೆ. ವೆಬ್‌ಸೈಟಿನಲ್ಲಿರುವವರ ಬಗ್ಗೆ ಆ ಖಾತ್ರಿಯನ್ನು ಯಾರೂ ಕೊಟ್ಟಿಲ್ಲ.

ನಮ್ಮದು ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಬೇಳೆ ಕಾರ್ಖಾನೆ. ಔರಾದ, ಭಾಲ್ಕಿ ಕಡೆಯ ತೊಗರಿ ಒಳಗೆ ಬರುತ್ತದೆ, ಬೇಳೆಯಾಗಿ ಪ್ಯಾಕೆಟಿನಲ್ಲಿ ಕೂತು ಹೊರಗೆ ಹೋಗುತ್ತದೆ. ಆಫೀಸ್ ನೋಡಿಕೊಳ್ಳುವವನು ನಾನು. ಹಾಜರಿ, ರಜೆ, ಜಗಳ, ಹೊಸಬರನ್ನು ಆರಿಸುವುದು, ಎಲ್ಲ ನನ್ನ ಪಾಲಿಗೆ. ಬಿರಾದಾರ ಸರ್ ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಏನಂತ ಕರೆಯುತ್ತಾರೋ ನಾನು ವಿಚಾರಿಸಲು ಹೋಗಿಲ್ಲ.

ಮೊದಲೆಲ್ಲ ಕೆಲಸಕ್ಕೆ ಜನ ಹೇಗೆ ಬರುತ್ತಿದ್ದರು ಅಂದರೆ, ಚಹಾದಂಗಡಿಯಲ್ಲಿ ಒಂದು ಮಾತು ಒಗೆದರೆ ಸಾಕು. ಸಂಜೆಯೊಳಗೆ ಒಬ್ಬನ ಸೋದರಮಾವ, ಇನ್ನೊಬ್ಬನ ಭಾವ, ಮತ್ತೊಬ್ಬನ ಸಾಡು ಗೇಟಿಗೆ ಬಂದು ನಿಂತಿರುತ್ತಿದ್ದರು. ಬಂದವರಿಗೆ ಕೆಲಸ ಬರುತ್ತದೋ ಇಲ್ಲವೋ ಅದು ಬೇರೆ ಮಾತು, ಅವರ ಕುಲಗೋತ್ರವೆಲ್ಲ ನನಗೆ ಬಾಯಿಪಾಠವಾಗುತ್ತಿತ್ತು. ಒಂದು ದಿನ ಮಾಲಕರು ನನ್ನನ್ನು ಕರೆದು, ಛಲೋ ಮಂದಿ ಬೇಕಂದರೆ ಈಗ ವೆಬ್‌ಸೈಟ್ ಬೇಕು, ಓದಿದ ಹುಡುಗರು ಅದನ್ನು ನೋಡಿಯೇ ಬರುತ್ತಾರೆ ಅಂದರು. ನಾನು ಸ್ವಲ್ಪ ಪಾಂಡಿತ್ಯ ತೋರಿಸಲು ಹೋದೆ. ನಮ್ಮೂರಿನ ಹಳೆಯ ವಜೀರನೊಬ್ಬ ದೂರ ದೇಶದ ಪಂಡಿತರು ಬರಲಿ ಅಂತ ಮದರಸಾ ಕಟ್ಟಿಸಿದನಲ್ಲ, ಅದರ ಗೋಡೆಗೆ ಬಿಸಿಲಿಗೆ ಹೊಳೆಯುವ ನೀಲಿ ಬಿಲ್ಲೆ ಅಂಟಿಸಿದನಲ್ಲ, ಅದೇ ಆ ಕಾಲದ ವೆಬ್‌ಸೈಟ್ ಸರ್ ಅಂದೆ. ಹರದಾರಿ ದೂರದಿಂದ ಕಂಡರೂ ಇಲ್ಲಿ ಒಳ್ಳೆಯ ಕೆಲಸ ನಡೆದಿದೆ ಅಂತ ಗೊತ್ತಾಗಬೇಕು. ಮಾಲಕರು, ಬಿಲ್ಲೆಯ ಮಾತು ಬಿಡ್ರಿ, ಈ ವಾರದಾಗ ಮಾಡಿಸ್ರಿ ಅಂದರು.

ಮಾಡಿಸಿದೆ. ಉದಗೀರ ರಸ್ತೆಯ ಒಬ್ಬ ಡಿಸೈನರ್ ಎರಡೇ ದಿನದಲ್ಲಿ ತಯಾರು ಮಾಡಿದ. ಮುಖಪುಟದಲ್ಲಿ ಗಾಜಿನ ಗೋಡೆ, ಗಾಜಿನ ಮೇಜು, ಅದರ ಸುತ್ತ ಐದಾರು ಬಿಳಿ ಹುಡುಗ ಹುಡುಗಿಯರು ಒಂದು ಕಾಗದ ನೋಡಿ ಹಲ್ಲು ಕಿಸಿಯುತ್ತಿದ್ದರು. ಯಾರು ಇವರು ಅಂದೆ. ನಿಮ್ಮ ಸ್ಟಾಫ್ ಅಂದ. ಪರಿಣಾಮ ಏನಾಯಿತೆಂದರೆ, ನಡುಬೇಸಿಗೆಯಲ್ಲಿ ಒಬ್ಬ ಕೋಟು ಹಾಕಿ ಟೈ ಕಟ್ಟಿಕೊಂಡು ಬಂದ. ಗೇಟಿನಲ್ಲಿ ನಿಂತು ತೌಡಿನ ಧೂಳಿನಲ್ಲಿ ಸೀನುತ್ತ, ಗಾಜಿನ ಬಿಲ್ಡಿಂಗ್ ಎಲ್ಲಿ ಅಂತ ಕೇಳಿದ. ಇದೇ ಅಂದಾಗ ಅವನ ಮುಖ ನೋಡಬೇಕಿತ್ತು. ಚಹಾ ಸಹ ಕುಡಿಯಲಿಲ್ಲ. ಹೀಗೆ ಬಂದವರು ಹಾಗೇ ತಿರುಗಿ ಹೋಗುತ್ತಿದ್ದರು, ಬರಬೇಕಾದವರು ಇದು ನಮ್ಮಂಥವರಿಗಲ್ಲ ಅಂತ ಮನೆಯಲ್ಲೇ ಉಳಿಯುತ್ತಿದ್ದರು.

ಕೊನೆಗೆ ನಾನೇ ತಲೆ ಓಡಿಸಿ ಡಿಸೈನರಿಗೆ, ಆ ಬಿಳಿಯರ ಕೆಳಗೆ ನಮ್ಮವರದೂ ಒಂದು ಫೋಟೋ ಹಾಕಪ್ಪ ಅಂದೆ. ಯಾರದು ಹಾಕುವುದು? ಒಬ್ಬರಿಗೆ ನಾಚಿಕೆ, ಒಬ್ಬರಿಗೆ ದೃಷ್ಟಿಯಾಗುವ ಭಯ. ರಫೀಕ್ ಭಾಯಿ ಮಾತ್ರ, ಹೊಡೀರಿ, ನನ್ನ ಮಾರಿ ನೋಡಿ ಯಾರರೆ ಓಡಿ ಹೋಗ್ತಾರೇನು ಅಂತ ಬಂದು ನಿಂತರು. ಅವರು ನಮ್ಮ ಮಷಿನ್ ಫೋರಮನ್. ಭಾಲ್ಕಿಯವರು, ಹದಿನೆಂಟು ವರ್ಷದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದವರು. ಮೂರನೇ ನಂಬರಿನ ಪ್ಯಾಕಿಂಗ್ ಮಷಿನ್ ಮುಂದೆ, ಗ್ರೀಸ್ ಹತ್ತಿದ ಕೈಯನ್ನು ಹಿಂದೆ ಮುಚ್ಚಿಕೊಂಡು, ಸ್ವಲ್ಪ ನಕ್ಕರು. ಕೆಳಗೆ ಒಂದು ಹಸಿರು ಬಟನ್ನು: ವಾಟ್ಸಪ್ ಮಾಡಿ, ಕೆಲಸದ ಬಗ್ಗೆ ಕೇಳಿ. ಆ ಬಟನ್ನಿಗೆ ನಿಜವಾಗಿ ನನ್ನ ನಂಬರು ಜೋಡಿಸಬೇಕಿತ್ತು. ಹೊತ್ತಲ್ಲದ ಹೊತ್ತಿಗೆ ಯಾರ್ಯಾರೋ ಕೇಳುವ ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ, ಹಾಗಾಗಿ ರಫೀಕ್ ಭಾಯಿಯ ನಂಬರು ಕೊಟ್ಟೆ. ಈ ಕಥೆಯ ಮೂಲ ತಪ್ಪು ಇದು, ಮಾಡಿದವನು ನಾನು.

ರಫೀಕ್ ಭಾಯಿಗೆ ಇನ್ನೊಂದು ಪದ್ಧತಿ ಇತ್ತು. ಹೊಸಬರು ಯಾರೇ ಬರಲಿ, ಯಾವ ಜಾತಿಯವರೇ ಇರಲಿ, ಮೊದಲ ದಿನ ಅವರ ಊಟ ರಫೀಕ್ ಭಾಯಿಯ ಡಬ್ಬಿಯಲ್ಲಿ. ಮನೆಯಿಂದ ಎರಡು ರೊಟ್ಟಿ ಜಾಸ್ತಿ ಬರುತ್ತಿತ್ತು. ಮಷಿನ್ ಕಲಿಯುವುದು ಆಮೇಲೆ, ಮೊದಲು ಅನ್ನದ ಸಲುಗೆ ಬೆಳೆಯಲಿ ಅನ್ನುತ್ತಿದ್ದರು. ಇನ್ನು ನನಗೂ ಅವರಿಗೂ ಒಂದು ಗುಟ್ಟು. ನನಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಹೆಂಡತಿಯ ಕಾವಲಿದೆ, ಸಪ್ಪೆ ಚಹಾ. ಕಾರ್ಖಾನೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ರಫೀಕ್ ಭಾಯಿಯ ಜೊತೆ ಎರಡು ಚಮಚ ಸಕ್ಕರೆ ಹಾಕಿದ ಚಹಾ. ಇದು ಅವರಿಗೊಬ್ಬರಿಗೇ ಗೊತ್ತು. ಕೊರಳು ಮುಟ್ಟಿ, ಅಲ್ಲಾ ಕಸಂ ಸರ್, ನಮ್ಮ ಮನ್ಯಾಗೂ ಹೇಳಂಗಿಲ್ಲ ಅಂದಿದ್ದರು.

ಹೋದ ಮಳೆಗಾಲದಲ್ಲಿ ಒಂದು ಶುಕ್ರವಾರ, ನಮಾಜಿಗೆ ಹೊರಟವರು ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು, ಏಳಲಿಲ್ಲ. ಭಾಲ್ಕಿಗೆ ಹೋಗಿ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ. ಹನ್ನೊಂದು ಗಂಟೆಯ ಚಹಾ ಒಬ್ಬನೇ ಕುಡಿಯುವುದು ಬಹಳ ಕಷ್ಟವಾಯಿತು, ಆದರೂ ಕುಡಿದೆ. ಮೂರನೇ ನಂಬರಿನ ಮಷಿನ್ ಮೊದಲೂ ಆಗಾಗ ಮುನಿಸಿಕೊಳ್ಳುತ್ತಿತ್ತು, ರಫೀಕ್ ಭಾಯಿ ಕೈಯಾಡಿಸಿ ನಡೆಸುತ್ತಿದ್ದರು; ಅವರು ಹೋದಾಗಿನಿಂದ ಅದು ಪೂರ್ತಿ ಹಟ ಹಿಡಿದಿತ್ತು. ದಿನಾ ಹನ್ನೊಂದರ ಹೊತ್ತಿಗೆ ನರಳಿದಂತೆ ದನಿ ತೆಗೆದು ನಿಂತುಬಿಡುತ್ತಿತ್ತು. ಮಷಿನ್ ಕಂಪನಿಯ ಇಂಜಿನಿಯರ್ ಬೆಳಿಗ್ಗೆ ಎಂಟಕ್ಕೆ ಬಂದು, ನೋಡಿ, ಎಲ್ಲ ಬರೋಬರಿ ಇದೆ ಅಂತ ಒಂಬತ್ತಕ್ಕೆ ಹೋದ. ಹನ್ನೊಂದಕ್ಕೆ ಅದು ಮತ್ತೆ ನರಳಿತು. ರಫೀಕ್ ಭಾಯಿಯ ಜಾಗಕ್ಕೆ ಒಬ್ಬರು ಬೇಕೇ ಬೇಕಾಗಿತ್ತು. ಈ ಗಡಿಬಿಡಿಯಲ್ಲಿ ವೆಬ್‌ಸೈಟ್ ಯಾರ ನೆನಪಿಗೂ ಬರಲಿಲ್ಲ. ಅದರಲ್ಲಿ ರಫೀಕ್ ಭಾಯಿ ಕೈ ಹಿಂದೆ ಮುಚ್ಚಿಕೊಂಡು ನಗುತ್ತಲೇ ಇದ್ದರು.

ವಿಚಿತ್ರ ಅಲ್ಲಿಂದ ಶುರುವಾಯಿತು. ಒಳ್ಳೆಯವರು ಬರತೊಡಗಿದರು.

ಮೊದಲು ಬಂದವನು ಹುಮನಾಬಾದಿನ ಒಬ್ಬ ಎಲೆಕ್ಟ್ರೀಷಿಯನ್. ಗೇಟಿನ ಎಡಕ್ಕೆ ನಮ್ಮದೊಂದು ಪತ್ರಾಸಿನ, ಅಂದರೆ ತಗಡಿನ, ಮಾಡು ಇದೆ, ಅದರ ಮೂಲೆಯ ಪತ್ರಾಸು ಸಡಿಲಾಗಿ ಗಾಳಿಗೆ ಬಡಿಯುತ್ತಿರುತ್ತದೆ. ಹೊಸಬರೆಲ್ಲ ನೆರಳು ಅಂತ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಇವನು ಬಿಸಿಲಿನಲ್ಲೇ ನಿಂತಿದ್ದ. ಯಾಕಪ್ಪ ಅಂದರೆ, ಪತ್ರಾಸಿನ ಕೆಳಗೆ ನಿಲ್ಲಬೇಡ ಅಂತ ಹೇಳಿದ್ದಾರೆ ಸರ್ ಅಂದ. ಕಾವಲುಗಾರ ಹೇಳಿರಬೇಕು ಅಂದುಕೊಂಡೆ. ಕಾವಲುಗಾರ ಅವತ್ತು ರಜೆಯ ಮೇಲೆ ಇದ್ದ.

ಎರಡನೆಯವನು ಪ್ಯಾಕಿಂಗಿಗೆ ಬಂದವನು. ಮಾತಾಡುತ್ತ ಕೂತಿದ್ದಾಗ ಗಡಿಯಾರ ನೋಡಿ, ಈಗ ನಿಮ್ಮ ಮೂರನೇ ನಂಬರು ನರಳತದ ಅಲ್ರಿ ಅಂದ. ಎರಡು ನಿಮಿಷಕ್ಕೆ ಅದು ನರಳಿತು. ನನ್ನ ಕೈಯಲ್ಲಿದ್ದ ಚಹಾ ತಟ್ಟೆಗೆ ಚೆಲ್ಲಿತು. ಮೊದಲು ಬೇರೆ ಕಡೆ ಎಲ್ಲಿ ಇದ್ದೆ ಅಂತ ಕೇಳುವುದನ್ನು ಮರೆತು, ನಿನಗೆ ಇದನ್ನು ಯಾರು ಹೇಳಿದರು ಅಂತ ಕೇಳಿದೆ. ನಿಮ್ಮ ಸರ್ ಅಂದ. ಯಾವ ಸರ್ ಅಂತ ಕೇಳುವ ಧೈರ್ಯ ನನಗೆ ಅವತ್ತು ಬರಲಿಲ್ಲ. ಇಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡೆ, ಇಬ್ಬರೂ ಚಿನ್ನದಂಥವರು.

ಮೂರನೆಯವಳು ಪ್ರಜ್ಞಾ. ಠಾಣಾ ಕುಶನೂರಿನ ಹುಡುಗಿ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜಹೀರಾಬಾದ್ ಕಡೆ ಒಂದು ಕಾರ್ಖಾನೆಯಲ್ಲಿ ಇದ್ದಳು. ಅಲ್ಲಿ ಅವಳಿಗೆ ಸ್ಪ್ಯಾನರ್ ಮುಟ್ಟಲು ಬಿಟ್ಟಿರಲಿಲ್ಲ, ಎರಡು ವರ್ಷ ಬರೀ ಲೇಬಲ್ ಹಚ್ಚಿಸಿದ್ದರು. ಎದುರಿಗೆ ಕೂತು ಸ್ಪಷ್ಟವಾಗಿ ಹೇಳಿದಳು. ಅಲ್ಲಿ ರಾಜೀನಾಮೆ ಕೊಟ್ಟಿದ್ದೇನೆ, ಹದಿನೈದು ದಿನ ಉಳಿದಿದೆ, ಆಮೇಲೆ ಇಲ್ಲಿಗೇ ಬರುವವಳು; ನನಗೆ ಮಷಿನ್ ಕಲಿಸುತ್ತೇವೆ ಅಂತ ಫೋರಮನ್ ಸರ್ ಮಾತು ಕೊಟ್ಟಿದ್ದಾರೆ. ಫೋರಮನ್ ಜಾಗ ಖಾಲಿ ಇದೆಯಲ್ಲಮ್ಮ ಅಂದೆ. ಅವಳು ಫೋನ್ ತೆಗೆದು ನನ್ನ ಮುಂದೆ ಹಿಡಿದಳು.

ಮೇಲೆ ಸಣ್ಣ ವೃತ್ತದಲ್ಲಿ ರಫೀಕ್ ಭಾಯಿ, ಜುಬ್ಬಾ ಹಾಕಿಕೊಂಡು ಈದಿನ ದಿನ ತೆಗೆಸಿದ ಫೋಟೋ. ಕೆಳಗೆ ಹೋದ ಮಂಗಳವಾರದ ಮಾತುಕತೆ. ಅವಳು ಕೇಳಿದ್ದಳು, ಮಷಿನ್ ನಿಂತರ ನೀವು ಮೊದಲ ಏನ್ ನೋಡ್ತೀರಿ ಸರ್ ಅಂತ. ಉತ್ತರ ಬಂದಿತ್ತು: ಮೊದಲ ನೋಡಬಾರದು, ಕೇಳಬೇಕು. ಆಮ್ಯಾಗ ಕೈ ಇಟ್ಟು ನೋಡಬೇಕು. ಬಿಚ್ಚೋದು ಕಡೀಕ. ಅದರ ಕೆಳಗೆ: ಕೈ ಕರ್ರಗ ಆಗ್ತಾವ, ಅದಕ್ಕ ತಯಾರಿದ್ರ ಬಾ ಮಗಳ, ಕಲಸ್ತೀವಿ. ಮೊದಲನೇ ದಿನ ಡಬ್ಬಿ ತರಬ್ಯಾಡ.

ಇದು ರಫೀಕ್ ಭಾಯಿಯ ಮಾತೇ. ಅಕ್ಷರ ಅಕ್ಷರವೂ ಅವರದೇ. ಹದಿನೆಂಟು ವರ್ಷ ನನ್ನ ಕಿವಿಗೆ ಬಿದ್ದ ಮಾತು. ಹುಡುಗಿಗೆ ಏನೋ ಒಂದು ಹೇಳಿ, ಮುಂದೆ ತಿಳಿಸುತ್ತೇನೆ ಅಂತ ಕಳಿಸಿದೆ.

ಅವಳು ಹೋದ ಮೇಲೆ ಬಾಗಿಲು ತೆಗೆದಿಟ್ಟೆ. ನಡುಮಧ್ಯಾಹ್ನ, ಹೊರಗೆ ಚೀಲ ಇಳಿಸುವ ಸದ್ದು, ಬಿಸಿಲು ಧಗಧಗ. ದೆವ್ವ ಬರುವ ಹೊತ್ತೇ ಅಲ್ಲ ಅದು. ವೆಬ್‌ಸೈಟ್ ತೆರೆದೆ. ಆಫೀಸಿನ ಇನ್ನೊಂದು ಫೋನಿನಿಂದ ಹಸಿರು ಬಟನ್ ಒತ್ತಿ, ಕೆಲಸಕ್ಕೆ ಬರುವವನ ಸೋಗು ಹಾಕಿ ಬರೆದೆ: ನಮಸ್ಕಾರ್ರಿ, ಕೆಲಸ ಖಾಲಿ ಅದ ಏನ್ರಿ? ಒಂದು ನಿಮಿಷ ಏನಿಲ್ಲ. ಆಮೇಲೆ ಆ ಫೋಟೋದ ಕೆಳಗೆ ಆನ್‌ಲೈನ್ ಅಂತ ಬಂತು. ಎರಡು ಟಿಕ್ ನೀಲಿಯಾದವು. ಟೈಪ್ ಮಾಡುತ್ತಿದ್ದಾರೆ ಅಂತ ಬಂತು, ನಿಂತಿತು, ಮತ್ತೆ ಬಂತು. ಮಣ್ಣು ಕೊಟ್ಟ ನನ್ನ ಬಲಗೈಯನ್ನೇ ನೋಡುತ್ತ ಕೂತೆ.

ಉತ್ತರ ಬಂತು. ಅದ, ಬರ್ರಿ. ಮೊದಲ ಬಿರಾದಾರ ಸರ್‌ನ ಭೆಟ್ಟಿ ಆಗ್ರಿ. ಮಾರಿ ಗಂಟು ಹಾಕ್ಕೊಂಡು ಕೂತಿರ್ತಾರ, ಅಂಜಬ್ಯಾಡ್ರಿ, ಒಳಗ ಛಲೋ ಮನಷ್ಯಾ. ಹನ್ನೊಂದಕ್ಕ ಹೋಗ್ರಿ, ಸಕ್ಕರಿ ಚಹಾ ಕುಡದಿರ್ತಾರ, ಆವಾಗ ಖುಷಿಲಿ ಇರ್ತಾರ.

ನಾನು ಎದ್ದು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತೆ. ಪತ್ರಾಸು ಟಪ್ ಟಪ್ ಅಂತ ಬಡಿಯುತ್ತಿತ್ತು. ಐವತ್ತು ದಾಟಿದ, ಇಬ್ಬರು ಅಳಿಯಂದಿರನ್ನು ಕಂಡ ಮನುಷ್ಯ ನಾನು, ಬೇಳೆ ಚೀಲಕ್ಕೆ ಬೆನ್ನು ಹಚ್ಚಿ ಹನುಮಾನ ಚಾಲೀಸಾ ನೆನಪು ಮಾಡಿಕೊಳ್ಳುತ್ತಿದ್ದೆ. ಅರ್ಧವೇ ನೆನಪಾಯಿತು.

ಮಾಲಕರ ಮುಂದೆ ಅರ್ಧ ವಿಷಯ ಹೇಳಿದೆ, ಹುಡುಗಿಯದು. ಯಾರೋ ರಫೀಕನ ಹೆಸರಿನಲ್ಲಿ ಆಟ ಆಡಿದ್ದಾರೆ ಅಂದರು ಅವರು. ಸತ್ತವನ ಮಾತು ಕಂಪನಿಯ ಮಾತಲ್ಲ, ಅದಕ್ಕೆ ನಾವು ಜವಾಬ್ದಾರರಲ್ಲ, ಹೈದರಾಬಾದಿನಿಂದ ಅನುಭವ ಇದ್ದ ಒಬ್ಬನನ್ನು ತರೋಣ, ಆ ಹುಡುಗಿಗೆ ಆಗಂಗಿಲ್ಲ ಅಂತ ಹೇಳಿಬಿಡ್ರಿ. ಹೇಳುವುದು ಎಷ್ಟು ಸುಲಭ. ಅಲ್ಲಿ ಅವಳು ಕೆಲಸ ಬಿಟ್ಟಾಗಿದೆ. ಫೋನ್ ಹಚ್ಚಿ, ರಫೀಕ್ ಸರ್ ತೀರಿಕೊಂಡು ನಾಲ್ಕು ತಿಂಗಳ ಮೇಲಾಯಿತಮ್ಮ ಅಂದೆ. ಅವಳು ಮೆಲ್ಲಗೆ ಕೇಳಿದಳು.

"ಹಂಗಾರ ನನಗ ಬಾ ಮಗಳ ಅಂದವ್ರು ಯಾರ್ರಿ ಸರ್?"

ಎರಡು ದಿನ ತಡೆ, ನಾನು ತಿಳಿದುಕೊಂಡು ಹೇಳುತ್ತೇನೆ ಅಂದೆ. ಅಂದಮೇಲೆ ಹೋಗದೆ ಗತಿಯಿಲ್ಲ.

ಭಾನುವಾರ ಬೆಳಿಗ್ಗೆ ಭಾಲ್ಕಿಯ ಬಸ್ಸು ಹಿಡಿದೆ. ಮೊದಲೇ ಫೋನ್ ಮಾಡಿ ಬರುತ್ತೇನೆ ಅನ್ನೋಣ ಅಂದರೆ, ಆ ಮನೆಯದು ನನ್ನ ಹತ್ತಿರ ಇದ್ದದ್ದು ಒಂದೇ ನಂಬರು. ಆ ನಂಬರಿಗೆ ಹಚ್ಚಿ, ಅತ್ತಲಿಂದ ರಫೀಕ್ ಭಾಯಿ ಹಲೋ ಅಂದರೆ ನಾನು ಏನನ್ನಬೇಕು? ಬಸ್ಸಿನಲ್ಲಿ ಕಬ್ಬಿನ ಗಾಡಿಗಳನ್ನು ನೋಡುತ್ತ ಇದೇ ವಿಚಾರ. ಸ್ಟೇಷನ್ ಹತ್ತಿರದ ಓಣಿಯಲ್ಲಿ ಮನೆ. ಮಣ್ಣು ಕೊಡಲು ಬಂದ ದಿನ ನೋಡಿದ್ದ ಅದೇ ಹಸಿರು ಬಾಗಿಲು, ಅದೇ ಕಟ್ಟೆ. ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಕರೆಯಲಿಕ್ಕೆ ದನಿ ಏಳಲಿಲ್ಲ. ಓಣಿಯಲ್ಲಿ ನಿಂತು ಫೋನ್ ತೆಗೆದು, ಆ ನಂಬರಿಗೇ ಬರೆದೆ: ನಾನು ಬಿರಾದಾರ. ಬಾಗಿಲ ಮುಂದ ಇದ್ದೀನಿ.

ಪರದೆಯ ಹಿಂದೆ ಟಿಂಗ್ ಅಂತು.

ಪರದೆ ಸರಿಯಿತು. ತಲೆ ತುಂಬ ಸೆರಗು ಹೊದ್ದುಕೊಂಡ ಶಾಹೇದಾ ಭಾಬಿ, ರಫೀಕ್ ಭಾಯಿಯ ಮನೆಯವರು. ಕೈಯಲ್ಲಿ ಗಂಡನ ಫೋನು. ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಕಳೆ. ನನ್ನ ಮುಖದಲ್ಲಿ ಏನಿತ್ತೋ, ಅವರೇ ಮೊದಲು ನೀರು ತಂದುಕೊಟ್ಟರು.

ಒಳಗೆ ರಫೀಕ್ ಭಾಯಿಯ ತಾಯಿ ತಸ್ಬೀಹ್ ಮಣಿ ಎಣಿಸುತ್ತ ಕೂತಿದ್ದರು. ನಾನು ಕುರ್ಚಿಯ ಮೇಲೆ, ಭಾಬಿ ಅಡುಗೆಮನೆಯ ಹೊಸ್ತಿಲ ಮೇಲೆ. ನಿಧಾನವಾಗಿ ಎಲ್ಲ ಹೇಳಿದರು. ಗಂಡ ಹೋದ ಮೇಲೆ ಇದ್ದತ್ತಿನಲ್ಲಿ ಕೂರಬೇಕು, ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಬಂದವರು ಬಂದರು, ಅತ್ತರು, ಹೋದರು. ಕೊನೆಗೆ ಮನೆಗೆ ಬರುವುದು ಒಂದೇ ಒಂದು ಉಳಿಯಿತು, ಆ ಫೋನಿನ ಟಿಂಗ್. ಗುರುತಿಲ್ಲದ ಯಾರೋ, ಸರ್ ಕೆಲಸ ಇದೆಯಾ ಅಂತ ಕೇಳುತ್ತಿದ್ದರು. ಮೂರು ದಿನ ಸುಮ್ಮನಿದ್ದರಂತೆ. ನಾಲ್ಕನೇ ದಿನ ಆಗಲಿಲ್ಲ.

"ಅವರ ಇದ್ದಿದ್ರ ಜವಾಬ್ ಕೊಡದ ಇರ್ತಿದ್ದಿಲ್ರಿ ಭಾಯಿಸಾಬ್. ಪಾಪ, ಕೇಳಿದವ್ರು ಕಾಯ್ತಿರ್ತಾರ. ನಾ ರಫೀಕ್ ಅದೀನಿ ಅಂತ ಒಮ್ಮಿನೂ ಬರದಿಲ್ಲ. ಫೋಟೋ ತಗೀಲಿಕ್ಕ ಮಾತ್ರ ಕೈ ಬರಲಿಲ್ರಿ."

ಕಾರ್ಖಾನೆ ನೋಡಿದ್ದೀರಾ ಅಂದೆ. ಇಲ್ಲ, ಗೇಟು ಸಹ ನೋಡಿಲ್ಲ. ಆದರೆ ಹದಿನೆಂಟು ವರ್ಷ ಪ್ರತಿ ಸಂಜೆ, ಇವರು ರೊಟ್ಟಿ ಬಡಿಯುವ ಹೊತ್ತಿಗೆ ಅವರು ಇದೇ ಹೊಸ್ತಿಲ ಮೇಲೆ ಕೂತು ಅಂದಿನದೆಲ್ಲ ಹೇಳುತ್ತಿದ್ದರು. ಯಾವ ಪತ್ರಾಸು ಸಡಿಲಾಗಿದೆ, ಯಾವ ಮಷಿನ್ ಎಷ್ಟೊತ್ತಿಗೆ ಮುನಿಸಿಕೊಳ್ಳುತ್ತದೆ, ಯಾರ ಮನೆಯಲ್ಲಿ ಬಾಣಂತಿತನ. ನಾಳೆ ಎರಡು ರೊಟ್ಟಿ ಜಾಸ್ತಿ ಅಂದರೆ ಹೊಸಬರು ಬರುತ್ತಾರೆ ಅಂತ ಅರ್ಥ. ಹಾಗೆ ಬಂದವರ ಹೆಸರೆಲ್ಲ ಭಾಬಿಗೆ ನೆನಪಿತ್ತು. ನನಗೆ ಹಾಜರಿ ಪುಸ್ತಕ ನೋಡದೆ ಅರ್ಧ ಹೆಸರು ಬರುವುದಿಲ್ಲ.

ಬರೀ ಉತ್ತರ ಕೊಟ್ಟಿದ್ದಷ್ಟೇ ಅಲ್ಲ, ಭಾಬಿ ಆರಿಸುತ್ತಲೂ ಇದ್ದರು. ಒಬ್ಬ ಮೊದಲ ಮಾತಿಗೇ ರಜೆ ಎಷ್ಟು ಅಂತ ಕೇಳಿದನಂತೆ, ಅವನಿಗೆ ಇಲ್ಲಿ ಧೂಳು ಬಹಳ ಅಂತ ಬರೆದರು. ಇನ್ನೊಬ್ಬ ಹಿಂದಿನ ಕಾರ್ಖಾನೆಯವರನ್ನು ಬೈದನಂತೆ, ಅವನಿಗೆ ಮಷಿನ್ ಸದ್ದು ಬಹಳ ಅಂತ ಬರೆದರು. ಎರಡೂ ಖರೆಯೇ. ನಮ್ಮಲ್ಲಿ ಕಲರ್ ಸಾರ್ಟರ್ ಅಂತ ದೊಡ್ಡ ಮಷಿನ್ ಇದೆ, ಸುರಿಯುವ ಬೇಳೆಯಲ್ಲಿ ಕಪ್ಪು ಕಾಳು ಬಂದರೆ ಉಫ್ ಅಂತ ಗಾಳಿ ಊದಿ ಆಚೆ ಹಾರಿಸುತ್ತದೆ. ಅದನ್ನು ತರಿಸುವಾಗ ಮಾಲಕರು ಮೂರು ದಿನ ನಿದ್ದೆ ಮಾಡಿರಲಿಲ್ಲ. ಆ ಕೆಲಸವನ್ನು ಭಾಲ್ಕಿಯ ಹೊಸ್ತಿಲ ಮೇಲೆ ಕೂತು ಒಬ್ಬ ಹೆಣ್ಣುಮಗಳು ಮಾಡುತ್ತಿದ್ದಳು.

ಪ್ರಜ್ಞಾಳ ಮಾತು ನಾನೇ ತೆಗೆದೆ. ಮಾಲಕರು ಬೇಡ ಅನ್ನುತ್ತಿದ್ದಾರೆ ಅಂದೆ. ಭಾಬಿ ಕೈಯಲ್ಲಿದ್ದ ಫೋನನ್ನು ಹೊಸ್ತಿಲ ಮೇಲೆ ಇಟ್ಟರು. ಎಲ್ಲರೂ ಪಗಾರ ಕೇಳಿದರು, ಅವಳೊಬ್ಬಳೇ ಮಷಿನ್ ಕೇಳಿದಳು ಅಂದರು. ಕಲಿಸುತ್ತೇವೆ ಅಂತ ಬರೆಯುವಾಗ ಕಲಿಸುವವರು ಯಾರು ಅಂತ ವಿಚಾರ ಬರಲಿಲ್ಲ, ಅವರು ಯಾರಿಗೂ ಕಲಿಸುವುದಿಲ್ಲ ಅಂದವರಲ್ಲ, ಅದಕ್ಕೇ ಕೈ ತಾನೇ ಬರೆಯಿತು.

"ನನ್ನ ತಪ್ಪು ಆಗ್ಯಾದ, ಮಾಫ್ ಮಾಡ್ರಿ. ಆ ಪೋರಿಗಿ ಮಾತ್ರ ಇಲ್ಲ ಅನಬ್ಯಾಡ್ರಿ. ಅವರ ಮಾತ ಸುಳ್ಳಾಗ್ತದ."

ತಪ್ಪು ನಿಮ್ಮದಲ್ಲ ಭಾಬಿ, ಆ ನಂಬರು ಅಲ್ಲಿ ಹಾಕಿದವನು ನಾನು ಅಂದೆ. ರಫೀಕ್ ಭಾಯಿ ಸತ್ತ ದಿನ ಬಾರದ ಅಳು ನನಗೆ ಅವತ್ತು ಬಂತು. ಆ ಅಜ್ಜಿ ತಸ್ಬೀಹ್ ನಿಲ್ಲಿಸಿ ನನ್ನನ್ನೇ ನೋಡಿದರು, ಆಮೇಲೆ ಮತ್ತೆ ಎಣಿಸತೊಡಗಿದರು.

ಮರುದಿನ ಮಾಲಕರ ಮುಂದೆ ಪೂರ್ತಿ ವಿಷಯ ಹೇಳಿದೆ. ಜೀವನದಲ್ಲಿ ಮೊದಲ ಸಲ ಅವರೆದುರು ದನಿ ಏರಿಸಿದೆ ಅಂತಲೂ ಹೇಳಬೇಕು. ವೆಬ್‌ಸೈಟ್ ನಮ್ಮದು, ಬಟನ್ ನಮ್ಮದು, ನಂಬರು ಹಾಕಿದವನು ನಾನು. ಅಲ್ಲಿಂದ ಬಂದ ಮಾತು ನಮ್ಮದಲ್ಲ ಅಂದರೆ ಹೇಗೆ? ಗಾಜಿನ ಬಿಲ್ಡಿಂಗಿನ ಸುಳ್ಳು ನಮ್ಮದು, ರಫೀಕನ ಖರೆ ಮಾತು ಮಾತ್ರ ನಮ್ಮದಲ್ಲವೇ ಅಂದೆ. ಮಾಲಕರು ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು. ಆಯಿತು, ಒಂದು ವಾರ ನೋಡೋಣ, ಅವಳ ಕೈಯಲ್ಲಿ ಮೂರನೇ ನಂಬರು ನಡೆದರೆ ಇರಲಿ, ಇಲ್ಲದಿದ್ದರೆ ಹೈದರಾಬಾದ್ ಅಂದರು. ಪ್ರಜ್ಞಾಗೆ ಫೋನಿನಲ್ಲಿ ಎಲ್ಲ ಹೇಳಿದೆ, ಬರೆದವರು ಯಾರು ಅನ್ನುವುದು ಸಹಿತ. ಅವಳು ಸಿಟ್ಟಾಗಲಿಲ್ಲ. ಅವರನ್ನು ಒಮ್ಮೆ ಭೆಟ್ಟಿಯಾಗಬೇಕು ಅಂದಳು, ಅಷ್ಟೇ.

ಅವಳು ಸೇರಿದ ದಿನ ಬೆಳಿಗ್ಗೆಯಿಂದ ಮೂರನೇ ನಂಬರಿನ ಮುಂದೆ ನಿಂತೇ ಇದ್ದಳು. ಎಂಟಕ್ಕೆ ಮಷಿನ್ ಚಂದ ನಡೆಯಿತು, ಒಂಬತ್ತಕ್ಕೆ ನಡೆಯಿತು. ನಾನು ಕಿಟಕಿಯಿಂದ ಗಡಿಯಾರ ನೋಡುತ್ತಿದ್ದೆ. ಮಾಲಕರೂ ಬಂದು ಕೈ ಕಟ್ಟಿ ನಿಂತರು. ಹನ್ನೊಂದಕ್ಕೆ ಅದು ನರಳಿತು, ನಿಂತಿತು. ಹುಡುಗಿ ಕಿವಿ ಹಚ್ಚಿ ಕೇಳಿದಳು, ಅಲ್ಲಿ ಮುಟ್ಟಿದಳು, ಇಲ್ಲಿ ಮುಟ್ಟಿದಳು. ಹಣೆಯ ಮೇಲೆ ಬೆವರು. ಮಾಲಕರು ನನ್ನ ಕಡೆ ತಿರುಗಿ ನೋಡಿದರು.

ಆಗ ಗೇಟಿನಲ್ಲಿ ಒಂದು ಆಟೋ ನಿಂತಿತು. ಕರಿ ಬುರ್ಖಾದ ಹೆಣ್ಣುಮಗಳೊಬ್ಬಳು ಇಳಿದಳು, ಕೈಯಲ್ಲಿ ರಫೀಕ್ ಭಾಯಿಯ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಆ ಡಬ್ಬಿ ನೋಡಿ ಕಾವಲುಗಾರ ತಡೆಯುವುದನ್ನೇ ಮರೆತ. ಅವರು ಪತ್ರಾಸಿನ ಮಾಡನ್ನು ಬಿಟ್ಟು ಬಿಸಿಲಿನಲ್ಲಿ ಸುತ್ತು ಹಾಕಿ ಬಂದರು. ನೆಲದಲ್ಲಿ ಒಂದು ತಗ್ಗಿದೆ, ಹೊಸಬರೆಲ್ಲ ಎಡವುತ್ತಾರೆ. ಕೆಳಗೆ ನೋಡದೆ ದಾಟಿದರು. ಯಾರನ್ನೂ ದಾರಿ ಕೇಳಲಿಲ್ಲ. ಬಲಕ್ಕೆ ತಿರುಗಿದರು, ಚೀಲದ ಸಾಲು ದಾಟಿದರು, ಸೀದಾ ಮೂರನೇ ನಂಬರಿನ ಮುಂದೆ ನಿಂತರು. ಇದ್ದತ್ತು ಮುಗಿಸಿ ಹೊರಗೆ ಬಂದಿದ್ದ ಭಾಬಿ, ಜನ್ಮದಲ್ಲಿ ಆ ಗೇಟು ಸಹ ನೋಡಿರದ ಮನುಷ್ಯಳು. ಚೀಲ ಇಳಿಸುವವರು, ಪ್ಯಾಕಿಂಗಿನವರು, ಎಲ್ಲರೂ ಕೆಲಸ ನಿಲ್ಲಿಸಿದರು. ನನ್ನ ತೋಳಿನ ಕೂದಲು ನಿಂತಿದ್ದನ್ನು ನಾನೇ ನೋಡಿದೆ.

ಡಬ್ಬಿ ಕೆಳಗಿಟ್ಟು ಪ್ರಜ್ಞಾಳ ಕೈ ಹಿಡಿದರು. ಹಿಡಿದು ಮಷಿನ್ನಿನ ಎಡಮಗ್ಗಲಿಗೆ, ಮೊಳಕೈ ಎತ್ತರದಲ್ಲಿ ಒಂದು ಕಡೆ ಇಡಿಸಿದರು.

"ಇಲ್ಲಿ ಮಗಳ. ಬಿಸಿ ಹತ್ತೇದೇನು ನೋಡು. ಹತ್ತಿತ್ತಂದ್ರ ಇದರ ಹಿಂದಿನ ಬೇರಿಂಗ್ ಅಂತಿದ್ರು. ಮುಂಜಾನಿ ಥಂಡ ಇರ್ತದ, ಗೊತ್ತಾಗಂಗಿಲ್ಲ ಅಂತಿದ್ರು."

ಬಿಸಿ ಇತ್ತು. ಪ್ರಜ್ಞಾ ಸ್ಪ್ಯಾನರ್ ಹಿಡಿದಳು. ತಗಡು ಬಿಚ್ಚಿದಾಗ ಒಳಗೆ ಸವೆದುಹೋದ ಬೇರಿಂಗ್ ನೀಲಿಗಟ್ಟಿತ್ತು. ಬದಲಿಸಲು ಮುಕ್ಕಾಲು ಗಂಟೆ ಹಿಡಿಯಿತು, ಯಾರಿಗೂ ಮುಟ್ಟಗೊಡಲಿಲ್ಲ. ಮಷಿನ್ ಮತ್ತೆ ಹೊರಟಿತು, ಸಂಜೆಯವರೆಗೆ ನಿಲ್ಲಲಿಲ್ಲ. ಮಾಲಕರು ಹೈದರಾಬಾದಿನ ಹೆಸರು ಆಮೇಲೆ ಎತ್ತಿಲ್ಲ. ಮಧ್ಯಾಹ್ನ ಆ ಇಬ್ಬರೂ ಚೀಲದ ಮೇಲೆ ಕೂತು ಉಂಡರು. ಪ್ರಜ್ಞಾ ಕರ್ರಗಿನ ಕೈ ತೋರಿಸಿದಳು, ಭಾಬಿ ನಕ್ಕರು, ಅಳುತ್ತಲೂ ಇದ್ದರು. ಆ ಹೆಚ್ಚಿನ ಎರಡು ರೊಟ್ಟಿ ಪ್ರಜ್ಞಾ ಪೂರ್ತಿ ತಿಂದಳು.

ಈಗ ವೆಬ್‌ಸೈಟಿನಲ್ಲಿ ಗಾಜಿನ ಮೇಜಿನ ಬಿಳಿಯರು ಇಲ್ಲ. ರಫೀಕ್ ಭಾಯಿ ಇದ್ದಾರೆ. ಪಕ್ಕದಲ್ಲಿ ಪ್ರಜ್ಞಾ, ಅವಳು ಕೈ ಹಿಂದೆ ಮುಚ್ಚಿಕೊಂಡಿಲ್ಲ. ಕೆಳಗೆ, ಇವರು ತೀರಿಕೊಂಡಿದ್ದಾರೆ, ನಿಮ್ಮ ಪ್ರಶ್ನೆಗೆ ಇವರ ಮನೆಯವರು ಉತ್ತರ ಕೊಡುತ್ತಾರೆ ಅಂತ ಬರೆಸಿದ್ದೇನೆ. ಭಾಬಿ ಈಗ ಕಂಪನಿಯ ಹಾಜರಿಯಲ್ಲಿದ್ದಾರೆ, ಕೆಲಸ ಮಾತ್ರ ಭಾಲ್ಕಿಯ ಹೊಸ್ತಿಲ ಮೇಲಿಂದಲೇ. ಸತ್ತವರ ಹೆಸರು ಕಂಡರೆ ಜನ ಬರಲಿಕ್ಕಿಲ್ಲ ಅಂದ ಡಿಸೈನರ್. ಮೊದಲಿಗಿಂತ ಹೆಚ್ಚು ಬರುತ್ತಿದ್ದಾರೆ.

ಎಲ್ಲ ತಿಳಿಯಾದ ಮೇಲೂ ಅಂಜಿಕೆ ಯಾಕೆ ಅಂತ ನೀವು ಕೇಳಬಹುದು. ಒಂದು ಮಾತು ಉಳಿದಿದೆ. ಆ ಸಕ್ಕರೆ ಚಹಾದ ಗುಟ್ಟು ಭಾಬಿಗೆ ಹೇಗೆ ಗೊತ್ತಾಯಿತು? ಮನೆಯಲ್ಲೂ ಹೇಳುವುದಿಲ್ಲ ಅಂತ ಕೊರಳು ಮುಟ್ಟಿ ಹೇಳಿದ್ದರು ರಫೀಕ್ ಭಾಯಿ. ಒಂದು ಮೆಸೇಜ್ ಹಾಕಿ ಕೇಳಿದರೆ ಮುಗಿಯಿತು, ಎಷ್ಟೋ ಸಲ ಬರೆದು ಅಳಿಸಿದ್ದೇನೆ. ಹೌದು, ನಮ್ಮವರು ಹೇಳಿದ್ದರು ಅಂತ ಭಾಬಿ ಅಂದರೆ, ಒಂದು ಮಾತೂ ತಪ್ಪದ ಗೆಳೆಯ ನನ್ನ ವಿಷಯದಲ್ಲಿ ಒಂದು ತಪ್ಪಿದ ಹಾಗಾಯಿತು. ಇಲ್ಲ, ಅದನ್ನು ನಾನು ಬರೆದೇ ಇಲ್ಲ ಅಂದರೆ, ಹನ್ನೊಂದು ಗಂಟೆಗೆ ಆ ಆಫೀಸಿನಲ್ಲಿ ನಾನು ಒಬ್ಬನೇ ಕೂರುವುದು ಹೇಗೆ?

ಅದಕ್ಕೇ ಕೇಳಿಲ್ಲ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಹೆಂಡತಿಗೆ ಆಶ್ಚರ್ಯ, ಡಾಕ್ಟರಿಗೆ ಸಂತೋಷ. ಎದುರಿನ ಕುರ್ಚಿಯ ಮುಂದೆ ಇನ್ನೊಂದು ಕಪ್ ಚಹಾ ಇಡಿಸುತ್ತೇನೆ, ಅದಕ್ಕೆ ಮಾತ್ರ ಎರಡು ಚಮಚ ಹಾಕಿಸುತ್ತೇನೆ.